ಒಲೆಯ ಮೇಲಿನ ಹಾಲು

ಸೊರಬದ ಕಡೆಯ ಕುಪ್ಪಗಡ್ಡೆಯ ಗಂಗಾಶ್ರೀ ಆರು ವರ್ಷದ ಮೇಲೆ ಶಿಕಾರಿಪುರದಲ್ಲಿ ಬಸ್ಸಿಳಿದದ್ದು ಒಂದು ಹೂವಿನ ಕುಡಿಗಾಗಿ. ಗಂಡನಿಗಾಗಿ ಅಲ್ಲ, ನ್ಯಾಯಕ್ಕಾಗಿಯೂ ಅಲ್ಲ. ಅವೆರಡರ ಆಸೆಯನ್ನೂ ಅವಳು ಎಂದೋ ಬಿಟ್ಟಿದ್ದಳು. ಆ ಊರಿನ ಡೇಲಿಯಾ ತೋಟದಲ್ಲಿ ಅವಳೇ ಬೀಜ ಹಾಕಿ ಎಬ್ಬಿಸಿದ ಗಿಡವೊಂದಿತ್ತು. ಅದರದ್ದು ಒಂದು ಗೇಣು ಕುಡಿ ಸಿಕ್ಕರೆ ತಂದು ಊರಿಕೊಂಡು, ಆ ಊರಿನ ಋಣ ಅಲ್ಲಿಗೆ ಮುಗಿಯಿತು ಎಂದುಕೊಂಡು ಬಂದಿದ್ದಳು.

ಶಿಕಾರಿಪುರದವರು ಡೇಲಿಯಾ ಎನ್ನುವುದನ್ನು ಸೊರಬದ ಕಡೆ ಡೇರೆ ಹೂವು ಎನ್ನುತ್ತಾರೆ. ಗೆಡ್ಡೆಯಿಂದಲೋ ಕುಡಿಯಿಂದಲೋ ಬೆಳೆಸಿದರೆ ತಾಯಿಯ ಹೂವೇ ಮಗಳಿಗೂ ಬರುತ್ತದೆ. ಬೀಜ ಹಾಕಿದರೆ ಏನು ಬರುತ್ತದೋ ದೇವರಿಗೇ ಗೊತ್ತು, ಬಹುಪಾಲು ಮುಖ ನೋಡಲಾಗದಂಥ ಹೂವುಗಳೇ. ಆದರೆ ಗಂಗಾಶ್ರೀ ಮದುವೆಯಾಗಿ ಹೋದ ಮರುವರ್ಷ ಅತ್ತೆಮನೆಯ ಹಿತ್ತಲಲ್ಲಿ ಹಾಕಿದ ಬೀಜಗಳಲ್ಲಿ ಒಂದು ಮಾತ್ರ ಊಟದ ತಟ್ಟೆಯಷ್ಟು ಅಗಲ ಅರಳಿತು. ಒಳಗೆಲ್ಲ ಹಳೆಯ ಕುಂಕುಮದ ಬಣ್ಣ, ಎಸಳುಗಳ ತುದಿಗಷ್ಟೇ ಅರಿಶಿನ. ಅಂಥದ್ದು ಸುತ್ತಮುತ್ತ ಯಾರ ಹಿತ್ತಲಲ್ಲೂ ಇರಲಿಲ್ಲ. ಹುಡುಗಿ ಆ ದಿನ ಊಟ ಮಾಡುವುದನ್ನೇ ಮರೆತಿದ್ದಳು.

ಅವಳ ಅತ್ತೆ ಬಸವಣ್ಣೆಮ್ಮ ಸಾಮಾನ್ಯಳಲ್ಲ. ಊರಂಚಿನಲ್ಲಿ ಕಸ ಸುರಿಯುತ್ತಿದ್ದ ಜಾಗವನ್ನು ಪುರಸಭೆಯವರಿಂದ ಕೇಳಿ ಪಡೆದು, ಹತ್ತಾರು ಜನರನ್ನು ಕಟ್ಟಿಕೊಂಡು, ಭಾನುವಾರ ಭಾನುವಾರ ಗುದ್ದಲಿ ಹಿಡಿದು ಅಲ್ಲಿ ಡೇಲಿಯಾ ತೋಟ ಎಬ್ಬಿಸಿದವಳು. ಯಾರಿಗೂ ಸಂಬಳವಿಲ್ಲ, ಯಾರ ಹಂಗೂ ಇಲ್ಲ. ಹೂ ಬಿಡುವ ಕಾಲಕ್ಕೆ ಗೇಟು ಎಲ್ಲರಿಗೂ ತೆರೆದಿರುತ್ತದೆ. ಮೆಚ್ಚಬೇಕಾದ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಒಳ್ಳೆಯ ಕೆಲಸ ಮಾಡುವವರಿಗೆ ಒಂದು ಧೈರ್ಯ ಬಂದುಬಿಡುತ್ತದೆ, ತಾವು ಮಾಡಿದ್ದೆಲ್ಲ ಒಳ್ಳೆಯದೇ ಎಂಬ ಧೈರ್ಯ. ಬಸವಣ್ಣೆಮ್ಮನಿಗೆ ಅದು ಚೆನ್ನಾಗಿಯೇ ಬಂದಿತ್ತು.

ತೋಟದ ಬಳಗದವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಯಾರ ಮನೆಯಲ್ಲಿ ಹೊಸ ಹೂವು ಹುಟ್ಟುತ್ತದೋ ಆ ಹೂವಿಗೆ ಆ ಮನೆಯ ಸೊಸೆಯ ಹೆಸರು. ಹಾಗಾಗಿ ಕುಂಕುಮದ ಡೇರೆಗೆ ಗಂಗಾಶ್ರೀ ಎಂದೇ ಹೆಸರಾಯಿತು. ವೆಲ್ಡಿಂಗ್ ಅಂಗಡಿಯ ಮುನೀರ್ ಅಹ್ಮದ್ ತೋಟಕ್ಕೆ ಗೂಟ ಹೊಡೆಯುವ, ಹಲಗೆ ಬರೆಯುವ ಕೆಲಸ ನೋಡಿಕೊಳ್ಳುತ್ತಿದ್ದರು. ಹಿತ್ತಲಿನ ಗಿಡದ ಗೆಡ್ಡೆಯನ್ನು ತೋಟದಲ್ಲಿ ಊರಿದಾಗ ಅವರೇ ತೇಗದ ಹಲಗೆಗೆ ನೀಲಿ ಬಣ್ಣದಲ್ಲಿ ಅವಳ ಹೆಸರು ಬರೆದು ನೆಟ್ಟರು. ಅತ್ತೆಯೇ ಮುಂದೆ ನಿಂತು ಎಲ್ಲರಿಗೂ ಪೇಡೆ ಹಂಚಿದಳು.

ಐದು ವರ್ಷವಾದರೂ ಮಕ್ಕಳಾಗಲಿಲ್ಲ. ಶಿವಮೊಗ್ಗದ ಡಾಕ್ಟರು, ಹರಕೆ, ಉಪವಾಸ ಎಲ್ಲ ಮುಗಿದ ಮೇಲೆ ಒಂದು ಬೇಸಿಗೆಯಲ್ಲಿ ಅತ್ತೆಮನೆಯವರು ತವರಿಗೆ ಹೋಗಿ ಸ್ವಲ್ಪ ದಿನ ಇದ್ದು ಬಾ ಎಂದರು. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ವಿಚ್ಛೇದನದ ಕಾಗದಪತ್ರ ಮುಗಿಯಿತು, ಗಂಡ ರಾಜಕುಮಾರನಿಗೆ ಬೇರೆ ಮದುವೆಯಾಯಿತು. ಅವಳ ಟ್ರಂಕು, ಪಾತ್ರೆ, ಹೊಲಿಗೆ ಯಂತ್ರ ಎಲ್ಲವನ್ನೂ ಚೊಕ್ಕವಾಗಿ ಟೆಂಪೋದಲ್ಲಿ ಕಳಿಸಿಕೊಟ್ಟರು. ಅಟ್ಟದ ಮೇಲೆ ಮರಳಿನಲ್ಲಿ ಹೂತಿಟ್ಟಿದ್ದ ಡೇರೆ ಗೆಡ್ಡೆಗಳನ್ನು ಮಾತ್ರ ಕಳಿಸಲಿಲ್ಲ.

ಇಷ್ಟನ್ನೂ ನುಂಗಿಕೊಂಡಿದ್ದವಳು ಈ ವರ್ಷ ಕೆರಳಿದ್ದು ಯಾರೋ ಮೊಬೈಲಿಗೆ ಕಳಿಸಿದ ಒಂದು ಫೋಟೋ ನೋಡಿ. ಅವಳದೇ ಹೂವು, ಅದೇ ಕುಂಕುಮ, ಅದೇ ಅರಿಶಿನ. ಪಕ್ಕದ ಹಲಗೆಯ ಮೇಲೆ ‘ಧನ್ಯಾ’ ಎಂದಿತ್ತು. ಧನ್ಯಾ ಎಂದರೆ ಆ ಮನೆಯ ಈಗಿನ ಸೊಸೆ. ಪದ್ಧತಿಯೆಂದರೆ ಪದ್ಧತಿ, ಮನೆಯ ಸೊಸೆ ಬದಲಾದ ಮೇಲೆ ಹೂವಿನ ಹೆಸರು ಹಳೆಯದೇ ಇರಲಿಕ್ಕಾಗುತ್ತದೆಯೇ! ಒಂದು ಕುಡಿಯನ್ನಾದರೂ ತರುತ್ತೇನೆ ಎಂದು ಗಂಗಾಶ್ರೀ ಹೊರಟು ನಿಂತಳು.

ತಾಯಿ ಹುಲಿಯಮ್ಮ ಹೋಗಬೇಡ ಎನ್ನಲಿಲ್ಲ. ಹೋಗು, ಆದರೆ ಬಾಯಿಬಿಟ್ಟು ಕೇಳಬೇಡ, ಕೇಳಿ ತಂದ ಡೇರೆ ಬಾಳುವುದಿಲ್ಲ ಎಂದಳು. ಸೊರಬದ ಹೆಂಗಸರಿಗೆಲ್ಲ ಇದು ಗೊತ್ತು. ಇನ್ನೊಬ್ಬರ ಹಿತ್ತಲ ಹೂವಿನ ಮೇಲೆ ಮನಸ್ಸಾದರೆ ಕೇಳುವುದಿಲ್ಲ, ಗಿಡದ ಮುಂದೆ ಸುಮ್ಮನೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಮನೆಯೊಡತಿಗೆ ಅರ್ಥವಾಗುತ್ತದೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ, ಉಕ್ಕುತ್ತದೇನೋ ಎಂದು ಬೆನ್ನು ಮಾಡಿ ಒಳಗೆ ಹೋಗುತ್ತಾಳೆ. ಬಂದವಳು ಒಂದು ಕುಡಿ ಮುರಿದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ. ಒಡತಿ ಹೊರಗೆ ಬಂದಾಗ ಮುರಿದ ಜಾಗ ಕಂಡರೂ ಕಂಡಿಲ್ಲ. ಕದ್ದದ್ದೂ ಅಲ್ಲ, ಬೇಡಿದ್ದೂ ಅಲ್ಲ, ಇಬ್ಬರ ಮರ್ಯಾದೆಯೂ ಉಳಿದು ಗಿಡವೂ ಚಿಗುರುತ್ತದೆ. ಬಸವಣ್ಣೆಮ್ಮನ ತವರು ಸೊರಬದ ಕುಬಟೂರೇ. ಹೊಸದಾಗಿ ಮದುವೆಯಾಗಿದ್ದಾಗ ಅತ್ತೆ ಸೊಸೆ ಇಬ್ಬರೂ ಈ ಹಾಲಿನ ಮಾತಾಡಿಕೊಂಡು, ಶಿಕಾರಿಪುರದವರಿಗೆ ಇದೆಲ್ಲ ತಲೆಗೆ ಹೋಗುವುದಿಲ್ಲ ಎಂದು ನಕ್ಕದ್ದೂ ಉಂಟು. ಗಂಗಾಶ್ರೀಗೆ ಆ ಮನೆಯಲ್ಲಿ ಸಿಕ್ಕ ಸುಖದಲ್ಲಿ ಆ ನಗುವೇ ದೊಡ್ಡದು.

ಗೇಟಿನ ಹತ್ತಿರ ಬರುವಾಗಲೇ ಅವಳ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಮಜ್ಜಿಗೆ ಕೊಡುತ್ತಿದ್ದ ಹುಡುಗಿಯೊಬ್ಬಳು ಅದನ್ನು ನೋಡಿ, ಲೋಟ ಕೆಳಗಿಟ್ಟು, ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ನೆಲದ ಮೇಲೆ ಕೂತು ಅದನ್ನು ಬಿಗಿಯಾಗಿ ಚುಚ್ಚಿಕೊಟ್ಟಳು. ಬೇಡ ಎಂದರೂ ಕೇಳಲಿಲ್ಲ. ಇಷ್ಟು ದೂರದಿಂದ ಬಂದೀರಿ, ಬರಿಗಾಲಲ್ಲಿ ಹೆಂಗೆ ಹೋಗ್ತೀರಿ ಅಕ್ಕ ಎಂದಳು. ಅವಳ ಉಗುರಿನಲ್ಲಿ ತೋಟದ ಮಣ್ಣಿತ್ತು. ಯಾರೋ ಅವಳನ್ನು ಹೆಸರು ಹಿಡಿದು ಕರೆದಾಗಲೇ ಗಂಗಾಶ್ರೀಗೆ ಗೊತ್ತಾದದ್ದು, ತನ್ನ ಕಾಲ ಬಳಿ ಕೂತವಳು ಧನ್ಯಾ ಎಂದು.

ಧನ್ಯಾಳಿಗೆ ಇವಳ ಗುರುತಿಲ್ಲ. ಆ ಮನೆಯಲ್ಲಿ ಹಳೆಯ ಸೊಸೆಯ ಒಂದು ಫೋಟೋವನ್ನೂ ಉಳಿಸಿರಲಿಲ್ಲ. ಪಾಪದ ಹುಡುಗಿ ತಾನೇ ಮುಂದಾಗಿ ತೋಟವೆಲ್ಲ ತೋರಿಸಿದಳು. ಬಿಳಿಯದು, ಹಳದಿಯದು, ಚೆಂಡಿನಂತೆ ಗುಂಡಗಿರುವುದು, ಎಲ್ಲವನ್ನೂ ದಾಟಿ ನಡುವಿನ ಮಡಿಗೆ ಕರೆದುಕೊಂಡು ಹೋದಳು. ಅಲ್ಲಿ ಎದೆಯೆತ್ತರಕ್ಕೆ ಬೆಳೆದು, ಗೂಟಗಳಿಗೆ ಒರಗಿ, ಕುಂಕುಮದ ಡೇರೆ ನಿಂತಿತ್ತು. ಇದು ನನ್ನ ಹೂವು ಎಂದು ಧನ್ಯಾ ನಾಚಿಕೊಂಡು ಹೇಳಿದಳು. ಅತ್ತೆ ಇದನ್ನು ಬೀಜದಿಂದ ಎಬ್ಬಿಸಿ, ತಾನು ಮನೆಗೆ ಬಂದ ವರ್ಷ ತನ್ನ ಹೆಸರಿಟ್ಟರಂತೆ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿನ್ನೂ ಆಗಿಲ್ಲ, ಶಿವಮೊಗ್ಗಕ್ಕೆ ಓಡಾಡುತ್ತಿದ್ದೇವೆ ಎಂದು ಕೇಳದಿದ್ದರೂ ಹೇಳಿದಳು. ಒಬ್ಬಳೇ ಕೂತಾಗ ಈ ಗಿಡದ ಹತ್ತಿರ ಬಂದರೆ ಸಮಾಧಾನವಾಗುತ್ತದೆ ಎಂದಳು.

ಗಂಗಾಶ್ರೀ ಹೂವು ನೋಡುವ ನೆಪದಲ್ಲಿ ಬಗ್ಗಿದಳು. ಹಲಗೆ ಹಳೆಯದೇ. ಮುನೀರ್ ಸಾಬರು ಅದನ್ನು ತಿರುಗಿಸಿ ನೆಟ್ಟು, ಮುಂದಿನ ಮುಖಕ್ಕೆ ಹೊಸ ಹೆಸರು ಬರೆದಿದ್ದರಷ್ಟೇ. ಬೇಲಿಯ ಕಡೆಗಿದ್ದ ಮುಖದಲ್ಲಿ ಅವಳ ನೀಲಿ ಅಕ್ಷರಗಳು ಮಾಸಿ, ಆದರೂ ಓದುವ ಹಾಗೆ ಹಾಗೇ ಇದ್ದವು.

ಅಷ್ಟರಲ್ಲಿ ಬಸವಣ್ಣೆಮ್ಮ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಅದೇ. ಗಂಗಾಶ್ರೀಯ ಮುಖವನ್ನು ಒಮ್ಮೆ ನೋಡಿದಳು. ಗುರುತು ಸಿಕ್ಕಿತು ಎಂಬುದು ಕಣ್ಣಲ್ಲೇ ಗೊತ್ತಾಯಿತು.

“ಯಾವ ಊರಾಯ್ತಮ್ಮ ನಿಮ್ದು?” ಎಂದಳು.

ಐದು ವರ್ಷ ಒಂದೇ ಒಲೆಯ ಮುಂದೆ ಕೂತವಳನ್ನು ಬಹುವಚನದಲ್ಲಿ ಊರು ಕೇಳುವುದೆಂದರೆ ಅದಕ್ಕೂ ಒಂದು ಎದೆಗಾರಿಕೆ ಬೇಕು. ಗಂಗಾಶ್ರೀ ಕುಪ್ಪಗಡ್ಡೆ ಎಂದಳು. ಬಸವಣ್ಣೆಮ್ಮ ತನ್ನ ತವರೂ ಆ ಕಡೆಯೇ ಎಂದು ನಕ್ಕು, ಗೇಟಿನ ಹತ್ತಿರ ಜನ ಬಂದಿದ್ದಾರೆ ನೋಡು ಎಂದು ಧನ್ಯಾಳನ್ನು ಕಳಿಸಿದಳು. ಅವಳು ಅತ್ತ ಹೋದದ್ದೇ ಮುದುಕಿಯ ದನಿ ಬದಲಾಯಿತು.

“ಬಡವಾಗಿದೀಯಲ್ಲೇ ಗಂಗಿ. ಅವ್ವ ಆರಾಮಿದಾಳೇನು?”

ಗಂಗಾಶ್ರೀ ಬಯ್ಯಲಿಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. ಅವ್ವ ಆರಾಮಿದ್ದಾಳೆ ಎಂದಳು. ಆಮೇಲೆ ಏನೂ ಕೇಳದೆ, ಆ ಗಿಡದ ಮುಂದೆ ಸುಮ್ಮನೆ ನಿಂತಳು.

ಬಸವಣ್ಣೆಮ್ಮ ಅವಳನ್ನು ನೋಡಿದಳು, ಗಿಡವನ್ನು ನೋಡಿದಳು. ಬುಡದಲ್ಲಿ ಕೊಬ್ಬಿ ಎದ್ದಿದ್ದ ಕುಡಿಗಳನ್ನೂ ನೋಡಿದಳು.

“ಒಲೆ ಮೇಲೆ ಹಾಲಿಟ್ಟು ಬಂದೀನಿ ಕಣೆ” ಎಂದಳು ಮೆಲ್ಲಗೆ. “ಉಕ್ತದೇನೋ, ನೋಡ್ಕಂಡು ಬರ್ತೀನಿ.”

ತೋಟದಲ್ಲಿ ಒಲೆ ಎಲ್ಲಿಂದ ಬರಬೇಕು! ಗುದ್ದಲಿ, ಪಿಕಾಸಿ ಇಡುವ ಒಂದು ತಗಡಿನ ಶೆಡ್ಡು ಬಿಟ್ಟರೆ ಅಲ್ಲಿ ಇನ್ನೇನೂ ಇರಲಿಲ್ಲ. ಆ ಮಾತಿಗೆ ಒಂದೇ ಅರ್ಥ, ಅದು ಇವರಿಬ್ಬರಿಗೆ ಮಾತ್ರ ಗೊತ್ತಿದ್ದ ಅರ್ಥ. ಬಸವಣ್ಣೆಮ್ಮ ಬೆನ್ನು ಮಾಡಿ ನಿಧಾನವಾಗಿ ಶೆಡ್ಡಿನ ಕಡೆ ನಡೆದಳು. ಗಂಗಾಶ್ರೀಗೆ ಕಣ್ಣು ತುಂಬಿ ಬಂತು. ಬಾಯಲ್ಲಿ ತಪ್ಪಾಯಿತು ಎನ್ನಲಾರದ ಮುದುಕಿ ಹೀಗಾದರೂ ಹೇಳಿದಳಲ್ಲ ಎಂದುಕೊಂಡಳು. ಆರು ವರ್ಷದ ಸಿಟ್ಟನ್ನು ಅವಳು ಆ ಗಳಿಗೆಯಲ್ಲಿ ಪೂರಾ ಬಿಟ್ಟುಕೊಟ್ಟಳು. ಬುಡದ ಒಂದು ಕುಡಿಯನ್ನು ಗಿಣ್ಣಿನ ಕೆಳಗೆ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೈಚೀಲದಲ್ಲಿಟ್ಟುಕೊಂಡಳು.

ಬಸವಣ್ಣೆಮ್ಮ ವಾಪಸ್ಸು ಬರುವಾಗ ಒಬ್ಬಳೇ ಬರಲಿಲ್ಲ. ಈಚೆಗೆ ಬಳಗಕ್ಕೆ ಸೇರಿದ್ದ ಕೊಟ್ರೇಶ್ ಮೇಷ್ಟ್ರು, ಮುನೀರ್ ಅಹ್ಮದ್, ಹೂವು ನೋಡಲು ಬಂದಿದ್ದ ಒಂದಷ್ಟು ಜನ, ಎಲ್ಲರನ್ನೂ ಕರೆದುಕೊಂಡು ಬಂದಳು. ಹಿಂದೆ ಧನ್ಯಾ ಕೂಡ ಇದ್ದಳು.

“ಸ್ವಲ್ಪ ಚೀಲ ಬಿಚ್ಚಿ ತೋರಿಸ್ತೀರೇನಮ್ಮ” ಎಂದಳು ಬಸವಣ್ಣೆಮ್ಮ. ದನಿಯಲ್ಲಿ ಮತ್ತೆ ಬಹುವಚನ.

ಗಂಗಾಶ್ರೀ ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಯಾರೂ ನಗದಿದ್ದಾಗ ಅವಳ ಕೈ ತಾನಾಗಿ ಚೀಲವನ್ನು ಅವುಚಿಕೊಂಡಿತು. ಅಷ್ಟು ಸಾಕಾಯಿತು. ಕೊಟ್ರೇಶ್ ಮೇಷ್ಟ್ರು ಚೀಲ ತೆಗೆದುಕೊಂಡು ಒದ್ದೆ ಬಟ್ಟೆ ಬಿಚ್ಚಿದರು. ಕುಡಿ ಎಲ್ಲರಿಗೂ ಕಂಡಿತು. ಬಟ್ಟೆ ಒದ್ದೆ ಮಾಡಿಕೊಂಡೇ ಬಂದವಳು, ತಯಾರಾಗಿ ಬಂದಿದ್ದಾಳೆ ನೋಡಿ ಎಂದು ಯಾರೋ ಅಂದರು. ಇನ್ಯಾರೋ ಮೊಬೈಲು ಎತ್ತಿ ಹಿಡಿದರು.

“ಹಾಲು ಉಕ್ತದೆ ಅಂತ ನೀವೇ ಅಂದ್ರಲ್ಲ ಅತ್ತೆ” ಎಂದಳು ಗಂಗಾಶ್ರೀ.

ವಯಸ್ಸಾದ ಹೆಂಗಸನ್ನು ಯಾರಾದರೂ ಅತ್ತೆ ಎನ್ನಬಹುದು, ಆ ಮಾತು ಯಾರಿಗೂ ತಟ್ಟಲಿಲ್ಲ. ಹಾಲಿನ ಮಾತು ಮಾತ್ರ ತಟ್ಟಿತು. “ಎಲ್ಲೈತ್ರಿ ಹಾಲು? ಇಲ್ಲಿ ಒಲೀನ ಇಲ್ಲಲ್ಲ” ಎಂದು ಮೇಷ್ಟ್ರು ಸುತ್ತ ನೋಡಿದರು. ಜನ ಘೊಳ್ಳೆಂದು ನಕ್ಕರು. ಬೆನ್ನು ಮಾಡಿ ಹೋದರು, ಹಾಗೆಂದರೆ ಕಿತ್ತುಕೋ ಎಂದು ಅರ್ಥ, ನಮ್ಮ ಕಡೆ ಹಾಗೆಯೇ ಎಂದು ಅವಳು ತಡವರಿಸುತ್ತ ಹೇಳಹೊರಟಳು. ಹೇಳಿದಷ್ಟೂ ಅದು ಹುಚ್ಚಿಯ ಮಾತಿನಂತೆ ಕೇಳಿಸಿತು. ಬಸವಣ್ಣೆಮ್ಮ ಅವಳನ್ನು ತಡೆಯಲಿಲ್ಲ. ಮಾತು ಮುಗಿಯುವವರೆಗೂ ಬಿಟ್ಟು, ಆಮೇಲೆ ಜನರ ಕಡೆ ತಿರುಗಿ, ಹಣೆಯ ಮೇಲೆ ಒಂದು ಬೆರಳು ಮುಟ್ಟಿಸಿ, ಪಾಪ ಎಂದಳು.

ಮುನೀರ್ ಅಹ್ಮದರಿಗೆ ಇವಳು ಯಾರೆಂದು ಚೆನ್ನಾಗಿಯೇ ಗೊತ್ತು. ಹಲಗೆಯ ಎರಡೂ ಮುಖ ಬರೆದ ಕೈ ಅದು. ಎಷ್ಟೋ ಭಾನುವಾರ ಇವಳ ಕೈಯ ಚಹಾ ಕುಡಿದವರು. ಗಂಗಾಶ್ರೀ ಅವರನ್ನೇ ನೋಡಿದಳು. ಅವರು ನೆಲ ನೋಡುತ್ತ, ಹೋಗ್ಲಿ ಬಿಡ್ರಿ ಅಮ್ಮ, ಒಂದು ಕುಡಿ ತಾನೆ ಎಂದರು. ಅದಕ್ಕಿಂತ ಹೆಚ್ಚಿಗೆ ಅವರ ಬಾಯಿ ತೆರೆಯಲಿಲ್ಲ. ಆ ಒಂದು ಮಾತನ್ನು ಆಡದೆಯೇ ಇದ್ದಿದ್ದರೂ ಆಗುತ್ತಿತ್ತು.

ಬಸವಣ್ಣೆಮ್ಮ ಕುಡಿಯನ್ನು ತೆಗೆದುಕೊಂಡು ಗೊಬ್ಬರದ ಗುಂಡಿಗೆ ಎಸೆಯಲು ಧನ್ಯಾಳ ಕೈಗೆ ಕೊಟ್ಟಳು. ಆಮೇಲೆ ಗಿಡದ ಒಂದು ದೊಡ್ಡ ಹೂವನ್ನು, ಕಾಂಡ ಒಂದಿಷ್ಟೂ ಬಾರದ ಹಾಗೆ, ಕುತ್ತಿಗೆಗೆ ಸರಿಯಾಗಿ ಕತ್ತರಿಸಿದಳು. ಹಾಗೆ ಕತ್ತರಿಸಿದ ಹೂವನ್ನು ನೀರಲ್ಲಿಟ್ಟರೂ ಅದಕ್ಕೆ ಬೇರು ಬರುವುದಿಲ್ಲ. ಹೂವು ಬೇಕಿದ್ದರೆ ಕೇಳಬೇಕಮ್ಮ, ಇದು ಸಾರ್ವಜನಿಕರ ತೋಟ, ನಾವೇನು ಇಲ್ಲವೆನ್ನುತ್ತೇವೆಯೇ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ, ತನ್ನ ಕೈಯಾರೆ ಅದನ್ನು ಗಂಗಾಶ್ರೀಯ ಮುಡಿಗೆ ಸಿಕ್ಕಿಸಿದಳು. ತಲೆ ಸವರಿದಳು ಕೂಡ. ದೊಡ್ಡ ಮನಸ್ಸು ಎಂದು ಯಾರೋ ಮೆಚ್ಚಿಕೊಂಡರು. ಮೊಬೈಲಿನವನು ಇನ್ನೊಂದು ಫೋಟೋ ತೆಗೆದ.

ಕಿವಿಯ ಹತ್ತಿರ ಬಾಯಿ ಬಂದಾಗ ಮುದುಕಿ ಮೆಲ್ಲಗೆ, “ಇನ್ನೊಂದ್ಸಲ ಈ ಕಡೆ ಬರಬ್ಯಾಡ” ಎಂದಳು.

ಗಂಗಾಶ್ರೀ ಹೇಗೆ ಗೇಟು ದಾಟಿದಳೋ ಅವಳಿಗೇ ಗೊತ್ತಿಲ್ಲ. ಅಳು ಬರಲಿಲ್ಲ, ಅದೊಂದು ಪುಣ್ಯ. ರಸ್ತೆಯ ತಿರುವಿಗೆ ಬಂದಾಗ ಹಿಂದಿನಿಂದ ಯಾರೋ ಓಡಿಬರುವ ಸದ್ದಾಯಿತು. ಧನ್ಯಾ. ಏದುಸಿರು ಬಿಡುತ್ತಿದ್ದಳು, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಇತ್ತು.

“ತಗೊಳ್ರಿ ಅಕ್ಕ” ಎಂದಳು. “ಗುಂಡಿಗೆ ಒಗೀಲಿಲ್ಲ ನಾನು. ಮನಿಗೆ ಹೋಗಿ ಊರ್ರಿ, ಜೀವ ಹಿಡೀತತಿ. ನಮ್ಮತ್ತೆಗೆ ಮಾತ್ರ ಗೊತ್ತಾಗೂದು ಬ್ಯಾಡ.”

ಆ ಕುಡಿಯೇ. ಗಿಣ್ಣು ಹಾಗೇ ಇತ್ತು, ಎಲೆ ಬಾಡಿರಲಿಲ್ಲ. ಯಾವುದಕ್ಕಾಗಿ ಬಸ್ಸು ಹತ್ತಿದ್ದಳೋ ಅದು ಒಂದು ಮೊಳ ದೂರದಲ್ಲಿತ್ತು. ಕೈ ಚಾಚಿ ತೆಗೆದುಕೊಂಡು, ಒಂದು ಒಳ್ಳೆಯ ಮಾತು ಹೇಳಿ ಹೋಗಬಹುದಿತ್ತು. ಬೇರೆ ದಿನವಾಗಿದ್ದರೆ ಹೋಗುತ್ತಿದ್ದಳು. ಆದರೆ ಒಳಗೆ ಕುದಿಯುತ್ತಿದ್ದದ್ದು ಯಾರ ಮೇಲಾದರೂ ಚೆಲ್ಲಲೇಬೇಕಿತ್ತು. ಬಸವಣ್ಣೆಮ್ಮ ಕಲ್ಲು, ಅವಳಿಗೆ ಏನೂ ತಾಗುವುದಿಲ್ಲ. ಇವಳು ಮೆತ್ತಗಿದ್ದಳು, ಎದುರಿಗೇ ನಿಂತಿದ್ದಳು.

“ನಿಮ್ಮ ಹೆಸರಿನ ಹಲಗೆ ಐತಲ್ಲ, ಅದರ ಹಿಂದುಗಡೆ ಹೋಗಿ ನೋಡ್ರಿ” ಎಂದಳು ಗಂಗಾಶ್ರೀ. “ಅಲ್ಲಿ ನನ್ನ ಹೆಸರೈತೆ. ಗಂಗಾಶ್ರೀ ಅಂತ.”

ಆ ಹೆಸರನ್ನು ಧನ್ಯಾ ಕೇಳಿದ್ದಳು. ತಾನಾಗಿ ಮನೆ ಬಿಟ್ಟು ಹೋದವಳು ಎಂದು ಹೇಳಿದ್ದರು. ಅವಳು ತಿರುಗಿ ತೋಟದ ಕಡೆ ನೋಡಿದಳು.

“ಆ ಹೂವು ನಾನು ಹುಟ್ಟಿಸಿದ್ದು, ನಿಮ್ಮತ್ತೆ ಅಲ್ಲ. ಶಿವಮೊಗ್ಗದ ಡಾಕ್ಟರ ಹತ್ರ ನಾನೂ ಓಡಾಡಿದೋಳೇ. ನನಗೆ ಐದು ವರ್ಷ ಟೈಮ್ ಕೊಟ್ಟಿದ್ರು.” ಗಂಗಾಶ್ರೀ ಸ್ವಲ್ಪ ತಡೆದಳು. ನಿಲ್ಲಿಸಬಹುದಾಗಿದ್ದ ಜಾಗ ಅದೇ, ನಿಲ್ಲಿಸಲಿಲ್ಲ. “ನಿಮಗಿನ್ನೂ ಒಂದು ವರ್ಷ ಐತೆ. ಹಲಗೆ ತೇಗದ್ದು, ಗಟ್ಟಿ ಐತೆ. ನಿಮ್ಮ ಹೆಸರಿನ ಮೇಲೆ ಇನ್ನೊಂದು ಹೆಸರು ಹಿಡೀತದೆ.”

ಹೇಳಿ, ಅದು ತಾಗುವುದನ್ನು ನಿಂತು ನೋಡಿದಳು. ಧನ್ಯಾಳ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಆಮೇಲೆ ಕೆಳದುಟಿ ನಡುಗಿತು, ಮಕ್ಕಳದ್ದು ನಡುಗುವಂತೆ. ಪೇಪರು ಹಿಡಿದ ಕೈ ಬಿಗಿಯಾಗುತ್ತ ಹೋಗಿ ಒಳಗಿನ ಕುಡಿ ಪಿಸಕ್ಕೆಂದಿತು. ಗಂಗಾಶ್ರೀಗೆ ಸುಖವಾಯಿತು. ಸುಳ್ಳು ಹೇಳುವುದೇಕೆ, ಆರು ವರ್ಷದಲ್ಲಿ ಅಷ್ಟು ಸುಖ ಅವಳಿಗೆ ಯಾವುದರಿಂದಲೂ ಆಗಿರಲಿಲ್ಲ. ಅದು ಬಸ್‌ಸ್ಟ್ಯಾಂಡಿನವರೆಗೆ ಇತ್ತು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಇರಲಿಲ್ಲ.

ಮನೆ ಮುಟ್ಟಿದಾಗ ಹುಲಿಯಮ್ಮ ಕುಂಡಕ್ಕೆ ಮಣ್ಣು ತುಂಬಿ, ಬೆರಳಿನಲ್ಲಿ ನಡುವೆ ಗುಳಿ ಮಾಡಿಟ್ಟುಕೊಂಡು ಕೂತಿದ್ದಳು. ಮಗಳ ಮುಡಿಯಲ್ಲಿ ಬಾಡಿದ ಹೂವು ಕಂಡಿತು.

“ಬೆನ್ನು ಮಾಡಿದ್ಲೇನೆ?”

“ಮಾಡಿದ್ರು” ಎಂದಳು ಗಂಗಾಶ್ರೀ.

ಕುಡಿ ಎಲ್ಲಿ ಎಂದು ತಾಯಿ ಕೇಳಿದಳು. ಗಂಗಾಶ್ರೀ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟಳು. ಉಂಗುಷ್ಠಕ್ಕೆ ಚುಚ್ಚಿದ್ದ ಪಿನ್ನು ಅಷ್ಟು ದೂರ ನಡೆದರೂ ಸಡಿಲಾಗಿರಲಿಲ್ಲ. ಹುಲಿಯಮ್ಮ ಅದನ್ನು ನೋಡಿ, ಇದ್ಯಾರು ಹಾಕಿಕೊಟ್ಟರು ಎಂದಳು. ಆ ಮನೆಯ ಸೊಸೆ ಎಂದಳು ಮಗಳು.

“ಒಳ್ಳೆ ಹುಡುಗಿ ಇರಬೇಕು ಪಾಪ” ಎಂದಳು ಹುಲಿಯಮ್ಮ. “ಆ ಮುದುಕಿ ಕೊಡ್ಲಿಲ್ಲ ಅಂದ್ರೆ ಅವಳನ್ನಾದ್ರೂ ಕೇಳಬಹುದಿತ್ತು. ಅವಳು ಕೊಡ್ತಿದ್ಲೇನೋ.”

“ಕೊಡೋಕೆ ಬಂದಿದ್ಲು” ಎಂದು ಹೇಳಿ ಗಂಗಾಶ್ರೀ ಕಾಲು ತೊಳೆಯಲು ಹಿತ್ತಲಿಗೆ ಹೋದಳು.